ತಿರುಗುವ ಚಕ್ಕಿಗೆ ಹಾರ

ಆಯುಧಪೂಜೆಯ ಹಿಂದಿನ ರಾತ್ರಿ ಹಿತ್ತಲ ಶೆಡ್ಡಿನಲ್ಲಿ ಠಣ್ ಎಂದಿತು. ಸಣ್ಣ ಸದ್ದು. ಪಕ್ಕದಲ್ಲಿ ಮಲಗಿದ್ದ ನನ್ನ ಗಂಡ ಲಿಂಗರಾಜ್ ಮಗ್ಗುಲು ಕೂಡ ಬದಲಿಸಲಿಲ್ಲ. ಬೆಕ್ಕು ಡಬ್ಬಿ ಬೀಳಿಸಿದರೆ ಆಗುವ ಸದ್ದೇ ಬೇರೆ. ಇದು ಸಿಮೆಂಟ್ ನೆಲಕ್ಕೆ ಉಕ್ಕು ಬಿದ್ದ ಸದ್ದು. ನನ್ನ ಲೇಥಿನ ಚಕ್ ಕೀಲಿ ಎಂದು ಮಲಗಿದಲ್ಲೇ ಗೊತ್ತಾಯಿತು.

ಲೇಥ್ ಎಂದರೆ ಲೋಹದ ತುಂಡನ್ನು ಗಿರ್ರನೆ ತಿರುಗಿಸುತ್ತ ಉಳಿಯಿಂದ ಕೊರೆಯುವ ಯಂತ್ರ. ತುಂಡನ್ನು ಕಚ್ಚಿ ಹಿಡಿಯುವ, ನಾಲ್ಕು ದವಡೆಗಳ ಉಕ್ಕಿನ ಗಾಲಿಯೇ ಚಕ್. ಆ ದವಡೆಗಳನ್ನು ಬಿಗಿಯುವ ಕೀಲಿಯನ್ನು ನಾನು ಎಂದೂ ಚಕ್ಕಿನಲ್ಲಿ ಬಿಡುವುದಿಲ್ಲ. ಬಿಗಿದ ಕೂಡಲೇ ತೆಗೆದು ಗೋಡೆಯ ಮೊಳೆಗೆ ಹಾಕುತ್ತೇನೆ. ಮರೆತು ಮೋಟಾರು ಹಾಕಿದರೆ ಕೀಲಿ ಹಾರಿ ಬಂದು ಹಲ್ಲು ಮುರಿಯುತ್ತದೆ, ಇಲ್ಲವೇ ಕಣ್ಣು ತೆಗೆಯುತ್ತದೆ. ಮೊಳೆಗೆ ಹಾಕಿದ ಕೀಲಿ ತಾನಾಗಿ ಬೀಳುವಂಥದ್ದಲ್ಲ.

ಎದ್ದು ಹೋಗಿ ನೋಡಿದರೆ ಶೆಡ್ಡಿನಲ್ಲಿ ಭಾವ ಇದ್ದರು. ಲಿಂಗರಾಜನ ಅಣ್ಣ ಜಂಬುನಾಥ, ಹಬ್ಬಕ್ಕೆಂದು ಸಂಡೂರಿನಿಂದ ಬಂದವರು. ಲುಂಗಿ ಮೇಲೆತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಮೊಬೈಲಿನ ಟಾರ್ಚ್ ಹಿಡಿದು ನಿಂತಿದ್ದರು.

"ಏನ್ ಮಾಡಾಕತ್ತೀರಿ ಬಾವಾರ?"

"ನಿದ್ದಿ ಬರ್ಲಿಲ್ಲವಾ. ಮಿಷನ್ ಗಟ್ಟಿ ಐತೋ ಇಲ್ಲೋ ನೋಡೋಣ ಅಂತ ಬಂದೆ. ಇದರ ಬಾಯಿ ಭಾಳ ಬಿಗಿ ಇತ್ತು ನೋಡು, ಸಡ್ಲು ಮಾಡಿದೆ."

ಚಕ್ಕಿನಲ್ಲಿದ್ದ ಹಿತ್ತಾಳೆ ತುಂಡು ವಾಲಿತ್ತು. ಎರಡು ಸಂಜೆ ಕೂತು, ತುಂಡು ಎಷ್ಟು ವಾಲಿದೆ ಎಂದು ತೋರಿಸುವ ಡಯಲ್ ಗೇಜಿನ ಮುಳ್ಳು ಅಲ್ಲಾಡದ ಹಾಗೆ ಒಂದೊಂದೇ ದವಡೆಯನ್ನು ಕೂದಲೆಳೆಯಷ್ಟು ಬಿಗಿದು ಸಡಿಲಿಸಿ ನಡುವಿಗೆ ತಂದಿದ್ದ ತುಂಡು ಅದು. ಹೆರವರ ಮನೆಯ ಒಲೆಯ ಮೇಲಿನ ಅನ್ನವನ್ನು ಯಾರೂ ಹೀಗೆ ಕೆದಕುವುದಿಲ್ಲ. ನನ್ನ ಲೇಥಿಗೆ ಮಾತ್ರ ಯಾರು ಬೇಕಾದರೂ ಕೈ ಹಾಕಬಹುದು.

"ಇಂಥಾದ್ದು ಸಂಡೂರಾಗ ನಮ್ಮ ದುರುಗೇಶನ ಗ್ಯಾರೇಜಿನ್ಯಾಗ ಇದ್ರ ದಿನಾ ಉಪಯೋಗಕ್ಕ ಬರ್ತಿತ್ತು. ನಿನಗ ಯಾಕ ದುರ್ಗಾ ಇದು? ನೀನೇನು ಬಸ್ ರಿಪೇರಿ ಮಾಡ್ತೀಯಾ?" ಎಂದು ನಕ್ಕು, ಕೀಲಿಯನ್ನು ನೆಲದಲ್ಲೇ ಬಿಟ್ಟು ಮಲಗಲು ಹೋದರು.

ನಾನು ಬಸ್ ರಿಪೇರಿ ಮಾಡುವುದಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಡ್ಯಾಮಿನ ಗೇಟಿನ ಚೈನು ಕಿತ್ತುಹೋದ ಮಳೆಗಾಲದಲ್ಲಿ ಹೊಸಪೇಟೆಯ ಎಲ್ಲರೂ ನದಿಯ ಕಡೆ ಮುಖ ಮಾಡಿ ನಿಂತಿದ್ದಾಗ ಆ ಗೇಟನ್ನು ಎತ್ತುವ ಬಗೆಯನ್ನು ತಿಳಿಯಬೇಕು ಅನ್ನಿಸಿತು. ಓದಿ ತಿಳಿದದ್ದು ಸಾಲಲಿಲ್ಲ. ಅಂಥದ್ದೊಂದು ಗೇಟನ್ನು ಮೊಣಕಾಲೆತ್ತರಕ್ಕೆ ಕಟ್ಟತೊಡಗಿದೆ. ಹಿಡಿಕೆ ತಿರುಗಿಸಿದರೆ ಹಲ್ಲುಗಾಲಿಗಳು ತಿರುಗಿ, ಚೈನು ಸುತ್ತಿಕೊಂಡು, ತಗಡಿನ ಗೇಟು ಏಳಬೇಕು. ಅದಕ್ಕಾಗಿಯೇ ನನ್ನ ಸಂಬಳದಲ್ಲಿ ಹುಬ್ಬಳ್ಳಿಯಿಂದ ಈ ಹಳೆಯ ಸಣ್ಣ ಲೇಥ್ ತರಿಸಿದೆ. ಊರಲ್ಲಿ ಗಂಡಸರು ಪಾರಿವಾಳ ಸಾಕುತ್ತಾರೆ, ಇಡೀ ಭಾನುವಾರ ಕ್ರಿಕೆಟ್ ಆಡುತ್ತಾರೆ, ಯಾರೂ ಯಾಕೆ ಎಂದು ಕೇಳುವುದಿಲ್ಲ.

ಲೇಥ್ ಮನೆಯಲ್ಲಿ ಉಳಿದಿದ್ದುದೇ ಒಂದು ಕರಾರಿನ ಮೇಲೆ. ಹೋದ ವರ್ಷ ಕೊರೆಯುವಾಗ ಏಳುವ ಕಬ್ಬಿಣದ ಸುರುಳಿಯೊಂದು ಸಿಡಿದು ನನ್ನ ಮೊಣಕೈ ಗೀರಿತ್ತು. ಬೆರಳುದ್ದದ ಗಾಯ. ಅತ್ತೆ ಉಚ್ಚೆಂಗಮ್ಮ ತಮ್ಮ ಇಬ್ಬರು ಗಂಡುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ಇನ್ನೊಂದು ಸಲ ರಕ್ತ ಕಂಡ್ತಂದ್ರ ಈ ಮಿಷನ್ ನನ್ನ ಮನ್ಯಾಗ ಇರಂಗಿಲ್ಲ. ಜಂಬು, ನೀನಽ ಬಂದು ಹೇರ್ಕೊಂಡು ಹೋಗು." ಅತ್ತೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಮನೆ ಅವರ ಹೆಸರಿನಲ್ಲಿದೆ, ಶೆಡ್ಡೂ ಅವರದೇ. ಹಾಗಾಗಿ ನಾನು ಹೆದರಿಕೊಂಡೇ ಕೆಲಸ ಮಾಡುತ್ತೇನೆ. ಸೆರಗು ಬಿಗಿದು ಮೇಲೆ ಕೋಟು ಹಾಕುತ್ತೇನೆ, ಜಡೆಯನ್ನು ಬಟ್ಟೆಯೊಳಗೆ ಕಟ್ಟುತ್ತೇನೆ, ಬಳೆ ಉಂಗುರ ತೆಗೆದಿಡುತ್ತೇನೆ, ಕನ್ನಡಕವಿಲ್ಲದೆ ಗುಂಡಿ ಒತ್ತುವುದಿಲ್ಲ. ಕೈಗವಸು ಹಾಕುವುದೇ ಇಲ್ಲ. ಚಕ್ಕಿಗೆ ಬಟ್ಟೆಯ ತುದಿ ಸಿಕ್ಕರೆ ಸಾಕು, ಕೈಯನ್ನೂ ಎಳೆದುಕೊಳ್ಳುತ್ತದೆ. ನಿಲ್ಲಿಸುವ ಕೆಂಪು ಗುಂಡಿಯನ್ನು ಮೊಣಕಾಲಿನ ಎತ್ತರಕ್ಕೆ ಹಾಕಿಸಿದ್ದೇನೆ. ಎರಡೂ ಕೈ ಸಿಕ್ಕಿಕೊಂಡರೆ ಕಾಲಾದರೂ ಇರುತ್ತದಲ್ಲ. ಎಲೆಕ್ಟ್ರಿಷಿಯನ್ ಅದನ್ನು ನೋಡಿ, "ಮೇಡಂ, ಇದು ನಾಯಿ ಒತ್ತಾಕೇನು?" ಎಂದು ಕೇಳಿದ್ದ.

ಮರುದಿನ ಬೆಳಿಗ್ಗೆ ಪೂಜೆ. ಮಲಪನಗುಡಿಯಿಂದ ಬಾಳೆಕಂದು ಬಂದಿದ್ದವು. ಭಾವನ ಕಾರು, ಲಿಂಗರಾಜನ ಬೈಕು, ನನ್ನ ಸ್ಕೂಟಿ, ಕುಡುಗೋಲು, ಹಿಟ್ಟಿನ ಗಿರಣಿ, ಎಲ್ಲಕ್ಕೂ ವಿಭೂತಿ ಕುಂಕುಮ. ಲೇಥಿಗೂ ಆಗಲಿ ಎಂದು ಕೀಲಿಯನ್ನು ಮೊಳೆಗೆ ಹಾಕಿ, ವಾಲಿದ ಹಿತ್ತಾಳೆ ತುಂಡನ್ನು ತೆಗೆದಿಟ್ಟು, ನಾನೇ ಸಂತೋಷದಿಂದ ಒರೆಸಿ ಎಣ್ಣೆ ಹಚ್ಚಿದ್ದೆ. ವಿಭೂತಿ ನೀರು, ಉಳಿ ಹಿಡಿದ ಭಾಗ ಅತ್ತಿತ್ತ ಜಾರುವ ಹಳಿಯ ಮೇಲೆ ಬಿದ್ದರೆ ತುಕ್ಕು ಹಿಡಿಯುತ್ತದೆ, ಒಣಗಿದ ಪುಡಿ ಮರಳಿನ ಹಾಗೆ ತಿಕ್ಕುತ್ತದೆ ಎಂದು ಅಲ್ಲಿಗೆ ಒಂದು ಹಲಗೆ ಮುಚ್ಚಿ, "ಅತ್ತೀ, ಇದರ ಮ್ಯಾಲ ಹಚ್ರಿ" ಎಂದೆ. ಅತ್ತೆ ಪಾಪ ಹಾಗೇ ಮಾಡಿದರು. ಹಾರ ಹಾಕಿದವರು ಭಾವ. ದಪ್ಪ ಚೆಂಡುಹೂವಿನ ಹಾರವನ್ನು ನೇರ ಚಕ್ಕಿಗೆ ಸುತ್ತಿ, ಹತ್ತಿಯ ದಾರದಿಂದ ಗಂಟು ಹಾಕಿದರು. ನಿಂತ ಯಂತ್ರಕ್ಕೆ ಹಾರದಿಂದ ಏನೂ ಆಗದು. ಇರಲಿ ಎಂದುಕೊಂಡೆ.

"ಈಗ ಚಾಲೂ ಮಾಡ್ಬೇಕು," ಎಂದರು ಭಾವ.

"ಹಾರ ತೆಗೆದು ಮಾಡ್ತೀನ್ರಿ."

"ಹಾರ ತೆಗೆದು ಮಾಡಿದ್ರ ಅದ್ಯಾತರ ಪೂಜಿ? ಗಾಡಿಯ ಹಾರ ತೆಗೆದು ನಿಂಬಿಹಣ್ಣು ಹಾಯಿಸ್ತೀವೇನು? ಹಾರ ಇದ್ದಾಗಽ ಒಂದು ಸುತ್ತು ತಿರುಗ್ಬೇಕು. ಅದೂ ಮುತ್ತೈದಿ ಕೈಲೆ."

"ಗಾಡಿ ಹಾರ ಮುಂದ ಇರ್ತತಿ ಬಾವಾರ, ಗಾಲಿಗೆ ಕಟ್ಟಂಗಿಲ್ಲ. ಇದು ತಿರುಗೋದು. ನಿಮಿಷಕ್ಕ ಐನೂರು ಸುತ್ತು."

ನಾನು ಬಳೆ ತೆಗೆಯತೊಡಗಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಏ ಹುಚ್ಚಿ, ಹಬ್ಬದ ದಿನ ಕೈ ಬೋಳು ಮಾಡ್ಕೋತೀಯಾ? ನನ್ನ ಮಗ ಜೀವಂತ ಅದಾನ!"

"ಬಳಿ ಹಾಕ್ಕೊಂಡು ನಾನು ಮಿಷನ್ ಮುಟ್ಟಂಗಿಲ್ಲ ಅತ್ತೀ. ಹಾರ ಇಟ್ಟು ಚಾಲೂನೂ ಮಾಡಂಗಿಲ್ಲ."

"ನೋಡವ್ವ," ಭಾವ ಅತ್ತೆಯ ಕಡೆ ತಿರುಗಿದರು, "ದೇವರ ಕಾರ್ಯಕ್ಕ ಕೈ ನಡಗ್ತತಿ ಈಕಿಗೆ. ಮುಟ್ಟಾಕ ಹೆದರೋರಿಗೆ ಮಿಷನ್ ಯಾಕ ಬೇಕಂತ?"

ಲಿಂಗರಾಜ್ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಅವನ ಕಡೆ ನೋಡಿದೆ. "ಒಂದು ನಿಮಿಷದ ಮಾತು, ಹೋಗ್ಲಿ ಬಿಡು ದುರ್ಗಾ," ಎಂದ. ಏನು ಹೋಗಲಿ ಎಂದನೋ ತಿಳಿಯಲಿಲ್ಲ. ಸಿಟ್ಟಿನಿಂದ ನನ್ನ ಕಿವಿ ಸುಡುತ್ತಿತ್ತು. ನಾನು ದೇವರನ್ನು ಬೇಡ ಎಂದಿರಲಿಲ್ಲ, ಪೂಜೆಯನ್ನೂ ಬೇಡ ಎಂದಿರಲಿಲ್ಲ. ತಿರುಗುವುದಕ್ಕೆ ತೂಗಾಡುವುದನ್ನು ಕಟ್ಟಬೇಡಿ ಎಂದಿದ್ದೆ, ಅಷ್ಟೇ. ತೊಟ್ಟಿಲು ಕಟ್ಟುವವರಿಗೂ ಇಷ್ಟು ಎಚ್ಚರ ಇರುತ್ತದೆ. ಹೇಳಿದ್ದು ಹೆಂಗಸು ಎಂಬ ಕಾರಣಕ್ಕೆ ಎಚ್ಚರವೇ ಹೆದರಿಕೆಯಾಗಿ ಕಾಣುತ್ತಿತ್ತು.

ಗೋಡೆಯ ಸ್ವಿಚ್ ಆರಿಸಿ, "ಆಮ್ಯಾಲ ನೋಡೋಣ, ಕುಂಬಳಕಾಯಿ ಒಡೀರಿ ಮೊದ್ಲು," ಎಂದು ಎಲ್ಲರನ್ನೂ ಹೊರಡಿಸಿದೆ. ಬೀದಿಯಲ್ಲಿ ಕಾರಿನ ಮುಂದೆ ಜನ ಸೇರಿದ್ದರು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಯಾರು ಎಲ್ಲಿದ್ದಾರೆ ಎಂದು ನೋಡಿಕೊಳ್ಳುವುದು ನನ್ನ ಚಾಳಿ. ಲಿಂಗರಾಜ್ ಕುಂಬಳಕಾಯಿ ಎತ್ತಿ ಹಿಡಿದಿದ್ದ. ಅತ್ತೆ ಪಕ್ಕದ ಮನೆಯ ನಿಂಗಕ್ಕನ ಜೊತೆ ಇದ್ದರು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗಿತ್ತು, ಕಾರು ಓಡಿಸಬೇಕಾದ ಭಾವ ಇರಲಿಲ್ಲ.

ತಟ್ಟೆಯನ್ನು ನಿಂಗಕ್ಕನ ಕೈಗೆ ಕೊಟ್ಟು ಓಡಿದೆ. ಹಿತ್ತಲಿಗೆ ಬರುವಷ್ಟರಲ್ಲೇ ಮೋಟಾರಿನ ಗುಂಯ್ ಕೇಳಿಸಿತು.

ಭಾವ ಒಂದು ಕೈಯಲ್ಲಿ ಮೊಬೈಲ್ ಎತ್ತಿ ವಿಡಿಯೋ ತೆಗೆಯುತ್ತಿದ್ದರು, ಆ ಗ್ಯಾರೇಜಿನ ದುರುಗೇಶನಿಗೆ ಕಳಿಸಲಿಕ್ಕೇ ಇರಬೇಕು. ಹಾರ ಆಗಲೇ ಚಿಂದಿಯಾಗಿತ್ತು. ಶೆಡ್ಡಿನ ತುಂಬ ಹಳದಿ ಎಸಳು ಹಾರುತ್ತಿದ್ದವು, ಅವರಿಗೆ ಅದು ಚಂದ ಕಾಣುತ್ತಿದ್ದಿರಬೇಕು, ನಗುತ್ತಿದ್ದರು. ಬಿಚ್ಚಿಕೊಂಡ ದಾರ ಚಾಟಿಯ ಹಾಗೆ ಸುತ್ತುತ್ತಿತ್ತು. ಹತ್ತಿರದಿಂದ ತೆಗೆಯಲು ಅವರು ಬಗ್ಗಿದರು. ಕುತ್ತಿಗೆಗೆ ಸುತ್ತಿದ ರೇಷ್ಮೆ ಶಲ್ಯದ ತುದಿ ಇಳಿಬಿತ್ತು. ದಾರ ಅದನ್ನು ಹಿಡಿಯಿತು, ಚಕ್ಕು ದಾರವನ್ನು ಹಿಡಿಯಿತು. ನಗು ಹಾಗೇ ಮುಖದಲ್ಲಿರುವಾಗಲೇ ಮುಖ ದವಡೆಗಳ ಕಡೆ ಇಳಿಯತೊಡಗಿತು.

ಅಂಥ ಹೊತ್ತಿನಲ್ಲಿ ಮನುಷ್ಯನನ್ನು ಹಿಡಿದು ಎಳೆಯಬಾರದು. ಮೋಟಾರಿಗಿರುವ ಬಲ ನಮಗಿಲ್ಲ. ನಾನು ಅವರನ್ನು ಮುಟ್ಟಲೇ ಇಲ್ಲ. ಕೆಂಪು ಗುಂಡಿಗೆ ಮೊಣಕಾಲು ಕೊಟ್ಟು ಗುದ್ದಿದೆ. ಮೋಟಾರು ಸತ್ತಿತು. ಚಕ್ಕು ತನ್ನ ಭಾರಕ್ಕೆ ಇನ್ನೂ ತುಸು ತಿರುಗಿ ನಿಂತಿತು. ಅವರ ಕೆನ್ನೆಗೂ ದವಡೆಯ ಅಂಚಿಗೂ ನಡುವೆ ನನ್ನ ಅಂಗೈಯಷ್ಟು ಜಾಗ ಇತ್ತೋ ಇಲ್ಲವೋ. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ. ಚಕ್ಕನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಗಿ ಸಡಿಲಿಸಿದೆ, ತಗಡು ಕತ್ತರಿಸುವ ಕತ್ತರಿಯಿಂದ ಶಲ್ಯ ಕತ್ತರಿಸಿದೆ. ಅವರು ನೆಲಕ್ಕೆ ಕೂತು ಕೆಮ್ಮಿದರು. ಕುತ್ತಿಗೆಯ ಸುತ್ತ ಕೆಂಪು ಗೆರೆ ಎದ್ದಿತ್ತು. ದಾರದ ಪೆಟ್ಟಿಗೆ ಕಿವಿಯ ಹಾಲೆ ಹರಿದು ರಕ್ತ ಇಳಿಯುತ್ತಿತ್ತು.

ಅವರು ಮೊದಲು ಎತ್ತಿಕೊಂಡದ್ದು ಮೊಬೈಲನ್ನು. ಗಾಜು ಒಡೆದಿದೆಯೇ ಎಂದು ತಿರುಗಿಸಿ ನೋಡಿದರು.

"ನೀರು ಕುಡೀರಿ," ಎಂದೆ.

ಹೊರಗೆ ಹೆಜ್ಜೆಯ ಸದ್ದು ಕೇಳಿ ಅವರು ಥಟ್ಟನೆ ಎದ್ದರು. ಲೇಥಿನ ಪಕ್ಕದಲ್ಲೇ ಉಳಿದಿದ್ದ ಪೂಜೆಯ ತಟ್ಟೆಯಿಂದ ಬೆರಳ ತುಂಬ ಕುಂಕುಮ ತೆಗೆದು ಹಣೆಗೆ, ಕೆನ್ನೆಗೆ, ಕಿವಿಯ ಬುಡಕ್ಕೆ ಬಳಿದುಕೊಂಡರು. ಅಂಗಿಯ ಕಾಲರ್ ಮೇಲೆತ್ತಿದರು. ಇಷ್ಟು ಚುರುಕು ಬುದ್ಧಿ ಅವರಿಗಿದೆ ಎಂದು ಅಂದೇ ತಿಳಿದದ್ದು.

ಅತ್ತೆ ಬಂದರು, ಹಿಂದೆ ಲಿಂಗರಾಜ್ ಮತ್ತು ನಿಂಗಕ್ಕ. "ಏನೋ ಸಪ್ಪಳ ಆತು?"

ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು: "ಏನಿಲ್ಲವ್ವ, ಚಾಲೂ ಮಾಡಿದೆ. ಮಸ್ತ್ ತಿರುಗಿತು! ಹೂವು ಹಾರಿ ನನ್ನ ಮ್ಯಾಲಽ ಬಿದ್ವು, ಆಶೀರ್ವಾದ ಆದಂಗಾತು. ಶಲ್ಯಕ್ಕ ಎಣ್ಣಿ ಹತ್ತಿತ್ತು, ತೆಗೆದು ಅತ್ತಾಗ ಒಗೆದೆ. ಈಕಿ ನೋಡು, ಓಡಿ ಬಂದು ಬಂದ್ ಮಾಡಿಬಿಟ್ಲು. ಮುಖ ನೋಡು ಹೆಂಗ ಬೆಳ್ಳಗಾಗೇತಿ!"

"ಹೆಂಗಸ್ರ ಜೀವ," ಎಂದು ನಿಂಗಕ್ಕ ನಕ್ಕಳು. ಲಿಂಗರಾಜನೂ ನಕ್ಕ.

ಕತ್ತರಿಸಿದ ಶಲ್ಯದ ತುಂಡು ನನ್ನ ಮುಷ್ಟಿಯಲ್ಲಿತ್ತು. ಕೈ ಬಿಚ್ಚಿ ತೋರಿಸಿದರೆ, ಆ ಕಾಲರ್ ಸರಿಸಿದರೆ ಮುಗಿದಿತ್ತು. ನಾನು ಬೆಳಿಗ್ಗೆ ಹೇಳಿದ್ದು ಅಕ್ಷರ ಅಕ್ಷರ ನಿಜವಾಗಿದೆ ಎಂದು ಎಲ್ಲರೂ ನೋಡುತ್ತಿದ್ದರು. ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಅತ್ತೆಗೆ ಮಗನ ಮೂರ್ಖತನ ಕಾಣುವುದಿಲ್ಲ, ಮಗನ ರಕ್ತ ಕಾಣುತ್ತದೆ. ಸಂಜೆಯೊಳಗೆ ಲೇಥ್ ಸಂಡೂರಿನ ದಾರಿ ಹಿಡಿಯುತ್ತಿತ್ತು, ಅದೂ ಯಾರ ಕೈಗೆ? ಹಾರ ಕಟ್ಟಿದವನ ಕೈಗೇ. ತಪ್ಪು ಅವರದು, ಶಿಕ್ಷೆ ನನಗೆ, ಲಾಭವೂ ಅವರಿಗೆ. ಇದನ್ನು ನ್ಯಾಯ ಎಂದು ಕರೆಯುವ ಜನರ ನಡುವೆ ನಾನು ಸತ್ಯ ಹೇಳಿ ಗಳಿಸುವುದೇನು?

ಭಾವ ನನ್ನ ಮುಷ್ಟಿಯನ್ನೇ ನೋಡುತ್ತಿದ್ದರು. ಬಾಯಿ ನಗುತ್ತಿತ್ತು, ಕಣ್ಣು ಬೇಡುತ್ತಿತ್ತು. ನಾನು ಮುಷ್ಟಿಯನ್ನು ಸೆರಗಿನೊಳಗೆ ತೆಗೆದುಕೊಂಡೆ.

ಊಟಕ್ಕೆ ಕೂತಾಗ ಅವರಿಗೆ ಹೋಳಿಗೆ ನುಂಗುವುದು ಕಷ್ಟವಾಗುತ್ತಿತ್ತು. ಹಾಲಿನಲ್ಲಿ ನೆನೆಸಿಕೊಂಡು ತಿಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅವ್ವಾ, ಮಿಷನ್ ಸಂಡೂರಿಗೆ ಬ್ಯಾಡ. ಇಲ್ಲೇ ಇರ್ಲಿ. ಪಾಪ, ಆಕಿಗೆ ಆಸಿ ಐತಿ, ಮಾಡ್ಕೊಳ್ಳಿ ಬಿಡು."

"ನೋಡವಾ ದುರ್ಗಾ," ಅತ್ತೆಯ ಕಣ್ಣು ತುಂಬಿ ಬಂತು, "ನಿಮ್ಮ ಬಾವಂದು ಎಷ್ಟು ದೊಡ್ಡ ಮನಸು! ಕಾಲಿಗೆ ಬೀಳು."

ನನ್ನ ವಸ್ತುವನ್ನು ನನಗೇ ದಾನ ಮಾಡಿದವರ ಕಾಲಿಗೆ ಬಿದ್ದೆ. ಬಗ್ಗಿದಾಗ ಹಲ್ಲು ಕಚ್ಚಿ ಹಿಡಿದಿದ್ದೆ. ಅವರು ಒಂದು ಕೈಯನ್ನು ಆಶೀರ್ವಾದಕ್ಕೆ ಎತ್ತಿ, ಇನ್ನೊಂದರಿಂದ ಕಾಲರ್ ಹಿಡಿದುಕೊಂಡದ್ದನ್ನು ನಾನೊಬ್ಬಳೇ ನೋಡಿದೆ.

ಅವರ ಕಾರು ಹೊರಟ ಮೇಲೆ ಲಿಂಗರಾಜ್ ಬಾಗಿಲ ಮುಂದಿನ ಬೀದಿಯಲ್ಲಿ ಕುಂಬಳಕಾಯಿಯ ಚೂರು ಗುಡಿಸುತ್ತ ಕೇಳಿದ: "ಅಣ್ಣನ ಕುತ್ತಿಗಿ ಹತ್ರ ಏನೋ ಕೆಂಪಗೆ ಕಂಡಂಗಾತಲ್ಲ. ನೀನೇನರ ನೋಡಿದೇನು?"

ಅವನ ಮುಖ ನೋಡಿದೆ. ಒಳ್ಳೆಯ ಮನುಷ್ಯ. ಹೇಳಿದರೆ ನನ್ನ ಪರವಾಗಿ ಹೌಹಾರುತ್ತಾನೆ, ರಾತ್ರಿಯೊಳಗೆ ತಾಯಿಗೆ ಹೇಳುತ್ತಾನೆ, ಬೆಳಗಾದರೆ "ಹೋಗ್ಲಿ ಬಿಡು" ಎನ್ನುತ್ತಾನೆ.

"ಇಲ್ಲ," ಎಂದೆ. "ಕುಂಕುಮ ಇರ್ಬೇಕು."

ಅವನಿಗೂ ಇಲ್ಲ, ನಿಂಗಕ್ಕನಿಗೂ ಇಲ್ಲ, ಕಂಪ್ಲಿಯಲ್ಲಿರುವ ನನ್ನ ತಂಗಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಪೊರಕೆಯನ್ನು ಅವನ ಕೈಯಿಂದ ತೆಗೆದುಕೊಳ್ಳುವಷ್ಟರಲ್ಲಿ ತೀರ್ಮಾನಿಸಿದ್ದೆ.