ಕತ್ತಿಯಣ್ಣ ಬಿಡದ ಮಾತ್ರೆ

ಕತ್ತಿಯಣ್ಣ ಮಾಂಸ ತಿನ್ನುವುದನ್ನು ಬಿಟ್ಟದ್ದು ಯಾವ ವ್ರತಕ್ಕೂ ಅಲ್ಲ, ಯಾರ ಉಪದೇಶಕ್ಕೂ ಅಲ್ಲ. ಹದಿನೆಂಟು ದಿನ ಜ್ವರದಲ್ಲಿ ಮಲಗಿ ಎದ್ದವನಿಗೆ ನಾಲಿಗೆ ಒಪ್ಪಲಿಲ್ಲ, ಅಷ್ಟೆ. ಮೈಗೆ ಶಕ್ತಿ ಬರಲಿ ಎಂದು ಹೆಂಡತಿ ಮೂಳೆ ಬೇಯಿಸಿ ಸಾರು ಮಾಡಿ ತಂದಳು. ಬಟ್ಟಲು ಬಾಯಿಯ ಹತ್ತಿರ ಬರುವ ಮೊದಲೇ ಕೈಯಿಂದ ಆಚೆ ಸರಿಸಿದ. "ನಾಳೆ ತಿಂತೀನಿ ಬಿಡೇ" ಎಂದ. ಆ ನಾಳೆ ಬರಲೇ ಇಲ್ಲ. ಬೇಯಿಸಿದ ಕಾಳು, ಸೊಪ್ಪು, ಗೆಣಸು, ಹಣ್ಣು, ಇಷ್ಟರಲ್ಲೇ ಅವನ ಹೊಟ್ಟೆ ತುಂಬತೊಡಗಿತು. ಕೊನೆಗೆ ಹಾಲು, ಮೊಟ್ಟೆ ಕೂಡ ಬೇಡವಾದವು.

ಬೇರೆ ಯಾರಾದರೂ ಆಗಿದ್ದರೆ ಇದು ಸುದ್ದಿಯೇ ಅಲ್ಲ. ಆದರೆ ಕತ್ತಿಯಣ್ಣನದು ಮಾಂಸದಂಗಡಿ. ಅಜ್ಜ ಇಟ್ಟದ್ದು, ಅಪ್ಪ ನಡೆಸಿದ್ದು. ಮರದ ದಿಮ್ಮಿಯ ನಡುವೆ ಮೂರು ತಲೆಮಾರಿನ ಕತ್ತಿಯೇಟಿಗೆ ಬಟ್ಟಲಿನಂತೆ ಗುಳಿ ಬಿದ್ದಿತ್ತು. ಪಕ್ಕೆಲುಬನ್ನು ಎಲ್ಲಿ ತಟ್ಟಿದರೆ ಚೂರಾಗದೆ ಬೇರೆಯಾಗುತ್ತದೆ ಎಂಬುದು ಅವನ ಕೈಗೇ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಇಂಥವನು ಮಧ್ಯಾಹ್ನ ಅಂಗಡಿಯ ಹಿಂದೆ ಕೂತು ಸೊಪ್ಪು ತಿನ್ನುತ್ತಾನೆಂದರೆ?

"ಯಾರಿಗೂ ಬಾಯಿ ಬಿಡಬೇಡಿ" ಎಂದಳು ಹೆಂಡತಿ. "ಚಪ್ಪಲಿ ಹೊಲಿಯೋನು ಬರಿಗಾಲಲ್ಲಿ ಓಡಾಡಿದ್ರೆ ಅವನ ಹತ್ರ ಯಾರು ಹೋಗ್ತಾರೆ?"

ಅವನೂ ಬಾಯಿ ಬಿಡಲಿಲ್ಲ. ಆದರೆ ಮೈ ಸುಮ್ಮನಿರಬೇಕಲ್ಲ. ಹೊಟ್ಟೆ ಇಳಿಯಿತು, ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಆರು ತಿಂಗಳಿಗೊಮ್ಮೆ ರಕ್ತದೊತ್ತಡ ನೋಡುವ ಡಾಕ್ಟರು ಪಟ್ಟಿ ಕಟ್ಟಿ, ಗಾಳಿ ತುಂಬಿ, ಇನ್ನೊಮ್ಮೆ ಕಟ್ಟಿ ನೋಡಿದರು. "ಏನ್ರೀ ಮಾಡಿದ್ರಿ? ಇಷ್ಟು ದಿನ ದಿನಕ್ಕೆರಡು ಮಾತ್ರೆ ತಗೋತಿದ್ರಿ. ಇನ್ನು ಬೆಳಗ್ಗೆ ಒಂದೇ ಸಾಕು" ಎಂದರು. ಕತ್ತಿಯಣ್ಣನಿಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಯಿತು. ಮನೆಗೆ ಬಂದವನೇ ಹೆಂಡತಿಗೆ ಹೇಳಿದ. ಹೆಂಡತಿ ತನ್ನ ತಮ್ಮನಿಗೆ ಹೇಳಿದಳು. ಎಲ್ಲ ಶುರುವಾದದ್ದು ಅಲ್ಲಿಂದ.

ಈ ತಮ್ಮನನ್ನು ಬೀದಿಯವರು ಸೊಪ್ಪಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹತ್ತು ವರ್ಷ ತಲೆನೋವಿನಲ್ಲಿ ನರಳಿದವನು. ನೋಡದ ಡಾಕ್ಟರಿಲ್ಲ, ನುಂಗದ ಗುಳಿಗೆಯಿಲ್ಲ. ಒಂದು ದಿನ ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಟ್ಟ; ತಲೆನೋವು ಹೋಯಿತು. ಅಂದಿನಿಂದ ಜಗತ್ತಿನ ಎಲ್ಲ ನೋವಿಗೂ ತನ್ನ ಬಳಿ ಮದ್ದಿದೆ ಎಂಬ ನಂಬಿಕೆ ಅವನ ತಲೆಯಲ್ಲಿ ಬೇರು ಬಿಟ್ಟಿತು. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಕುರ್ಚಿ ಹಾಕಿಸಿ, ವಾರಕ್ಕೊಮ್ಮೆ ಜನರನ್ನು ಕೂಡಿಸಿ ಮಾತಾಡುತ್ತಿದ್ದ. ಬಂದು ಪುಸ್ತಕದಲ್ಲಿ ಹೆಸರು ಬರೆಸಿದವರಿಗೆಲ್ಲ ಒಂದೊಂದು ಲೋಟ ಹಸಿರು ರಸ.

"ಭಾವ, ಒಂದೇ ಒಂದು ಸಲ ಬನ್ನಿ. ಸುಮ್ನೆ ಕೂತ್ಕೊಳ್ಳಿ ಸಾಕು. ಮಾತಾಡೋದೆಲ್ಲ ನಾನು" ಎಂದು ಗೋಗರೆದ. ಹೆಂಡತಿಯ ಮುಖ ನೋಡಿ ಕತ್ತಿಯಣ್ಣ ಒಪ್ಪಿದ. ಗುಟ್ಟು ಮುಚ್ಚಿಟ್ಟು ಮುಚ್ಚಿಟ್ಟು ಅವನಿಗೂ ಸಾಕಾಗಿತ್ತು.

ವೇದಿಕೆಯ ಮೇಲೆ ಅವನನ್ನು ಅಂಗಡಿಯ ಏಪ್ರನ್ನಿನಲ್ಲೇ ಕೂರಿಸಿದರು. ಸೊಪ್ಪಿನ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಭಾವ ಮಾಂಸ ಬಿಟ್ಟು ಎಂಟು ತಿಂಗಳಾಯ್ತು. ದಿನಕ್ಕೆರಡು ಮಾತ್ರೆ ನುಂಗ್ತಿದ್ದೋರು, ಇವತ್ತು ಒಂದೂ ಇಲ್ಲ!" ಎಂದುಬಿಟ್ಟ.

'ಒಂದು ಇದೆಯಲ್ಲೋ' ಎಂದು ಕತ್ತಿಯಣ್ಣನ ಬಾಯಿಗೆ ಬಂತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಎರಡೂ ಕೈ ಎತ್ತಿ ತಟ್ಟುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡು ಕೈ ಮುಗಿದ.

ವಾರದೊಳಗೆ ಬಸ್ ನಿಲ್ದಾಣದ ಗೋಡೆಯಲ್ಲಿ, ಔಷಧಿ ಅಂಗಡಿಯ ಎದುರು ಕಂಬದಲ್ಲಿ ಅವನದೇ ಮುಖ. ಕೆಳಗೆ ದಪ್ಪಕ್ಷರ: 'ಕಟುಕನೇ ಬಿಟ್ಟ! ಮಾಂಸವನ್ನೂ ಬಿಟ್ಟ, ಮಾತ್ರೆಯನ್ನೂ ಬಿಟ್ಟ!' ಕಟುಕ ಎಂಬ ಮಾತು ಅವನಿಗೆ ಚುಚ್ಚಿತು. ಮಾತ್ರೆಯ ಮಾತು ಅಷ್ಟು ಚುಚ್ಚಲಿಲ್ಲ ಎಂಬುದನ್ನು ಆಮೇಲೆ ನೆನೆದು ಬಹಳ ಕೊರಗಿದ.

ಗಿರಾಕಿಗಳು ನಕ್ಕರು. "ಏನ್ ಕತ್ತಿಯಣ್ಣ, ನಾಳೆಯಿಂದ ದಿಮ್ಮಿ ಮೇಲೆ ಕುಂಬಳಕಾಯಿ ಕಡಿತೀಯಾ?" ಕೆಲವರು ಮುಂದಿನ ಬೀದಿಯ ಅಂಗಡಿಗೆ ತಿರುಗಿಕೊಂಡರು. ಅದನ್ನೂ ಅವನು ತಡೆದುಕೊಂಡ. ತಡೆದುಕೊಳ್ಳಲಾಗದ್ದು ಬಂದದ್ದು ಒಂದು ಬೆಳಗ್ಗೆ, ಟೈಲರಮ್ಮನ ರೂಪದಲ್ಲಿ.

ಎರಡು ಬೀದಿಯಾಚೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಹೆಂಗಸು. ಅವನ ಏಪ್ರನ್ನುಗಳನ್ನೆಲ್ಲ ಹೊಲಿದವಳು. ಅಂಗಡಿಯ ಕಟ್ಟೆ ಹಿಡಿದು ನಿಂತಳು. ಮುಖ ಊದಿಕೊಂಡಿತ್ತು. ಪಾದ ಚಪ್ಪಲಿಯೊಳಗೆ ಹಿಡಿಸದೆ ಹಿಮ್ಮಡಿ ಹೊರಗುಳಿದಿತ್ತು.

"ಅಣ್ಣಾ, ಒಂದು ಮಾತು ಕೇಳಕ್ಕೆ ಬಂದೆ" ಎಂದಳು. ಎರಡು ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕಿತ್ತು. "ಮಾತ್ರೆ ಬಿಟ್ಟಾಗ... ನಿಮಗೂ ಹಿಂಗೇ ಕಾಲು ಊದ್ಕೊಂಡಿತ್ತಾ? ಮಲಗಿದ್ರೆ ಉಸಿರು ಕಟ್ಟುತ್ತೆ. ಮೇಷ್ಟ್ರು ಅಂದ್ರು, ಒಳಗಿನ ವಿಷ ಹೊರಗೆ ಬರ್ತಿದೆ, ತಾಳ್ಕೊಳ್ಳಿ ಅಂತ. ನಿಮಗೆ ಎಷ್ಟು ದಿನಕ್ಕೆ ಸರಿಹೋಯ್ತು?"

ಕತ್ತಿಯಣ್ಣನ ಕೈಯಲ್ಲಿದ್ದ ಕತ್ತಿ ದಿಮ್ಮಿಯಲ್ಲೇ ನಿಂತಿತು. "ಯಾವ ಮಾತ್ರೆ ಬಿಟ್ಟೆ ತಾಯಿ?"

"ಹೃದಯದ್ದು, ನೀರಿಳಿಸೋದು, ಎಲ್ಲ. ತಿಂಗಳಾಯ್ತು. ನೀವೇ ಬಿಟ್ಟಿದೀರಲ್ಲ, ನನಗೇನು ಅಂತ ಧೈರ್ಯ ಬಂತು."

ಅವನು ಕೈ ತೊಳೆದನೋ ಇಲ್ಲವೋ ಅವನಿಗೇ ನೆನಪಿಲ್ಲ. ಅಂಗಡಿಯ ಬಾಗಿಲೆಳೆದು, ಬಾಡಿಗೆ ಕಾರು ನಿಲ್ಲಿಸಿ, ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ಅವಳ ಮೂಗಿಗೆ ನಳಿಕೆ ಹಾಕಿ ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಅವನಿಗೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ನೆಲದ ಹಾಸುಗಲ್ಲು ಎಣಿಸುತ್ತ ಈ ತುದಿಯಿಂದ ಆ ತುದಿಗೆ ನಡೆದ. ಲಾಂಡ್ರಿಯಲ್ಲಿ ಕೆಲಸ ಮಾಡುವ ಅವಳ ಮಗಳು ಒದ್ದೆ ಕೈಯಲ್ಲೇ ಓಡಿಬಂದಳು.

"ದಿನಾ ಬಡ್ಕೊಂಡೆ, ಮಾತ್ರೆ ನುಂಗಮ್ಮ ಅಂತ" ಎಂದಳು. "ಕತ್ತಿಯಣ್ಣನೇ ಬಿಟ್ಟಿದಾನೆ ಅಂದ್ಲು. ಹೆತ್ತ ಮಗಳಿಗಿಂತ ನಿಮ್ಮ ಫೋಟೋ ಹೆಚ್ಚಾಯ್ತು ಅವಳಿಗೆ."

"ನಾನು ಬಿಟ್ಟಿಲ್ಲಮ್ಮ." ಅವನು ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ. ಅರ್ಧ ಖಾಲಿಯಾಗಿತ್ತು.

ಅವಳು ಪಟ್ಟಿಯನ್ನೂ ಅವನ ಮುಖವನ್ನೂ ನೋಡಿದಳು. "ಇದನ್ನ ಅವತ್ತೇ ತೋರಿಸಿದ್ರೆ ಆಗ್ತಿತ್ತು."

ಎರಡು ತಾಸಾದ ಮೇಲೆ ಹೊರಬಂದ ಡಾಕ್ಟರು, ಮೈಯಲ್ಲಿ ನೀರು ತುಂಬಿಕೊಂಡಿದೆ, ಇನ್ನೆರಡು ದಿನ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು. "ಸೊಪ್ಪು ತಿನ್ನಲಿ, ಕಾಳು ತಿನ್ನಲಿ, ಒಳ್ಳೇದೇ. ಆದ್ರೆ ಮಾತ್ರೆ ನಿಲ್ಲಿಸೋ ಮೊದಲು ನಮ್ಮನ್ನೊಂದು ಮಾತು ಕೇಳಬಾರದಾ?"

ಕತ್ತಿಯಣ್ಣ ಆಸ್ಪತ್ರೆಯಿಂದ ನೇರವಾಗಿ ಗೋದಾಮಿಗೆ ಹೋದ. ದಾರಿಯಲ್ಲಿ ಸಿಕ್ಕ ತನ್ನ ಮುಖಗಳನ್ನೆಲ್ಲ ಉಗುರಿನಿಂದ ಕೆರೆದು ಕಿತ್ತ. ಗೋಂದು ಗಟ್ಟಿಯಾಗಿತ್ತು, ಒಂದು ಕಡೆ ಕಣ್ಣು ಉಳಿದುಕೊಂಡರೆ ಇನ್ನೊಂದು ಕಡೆ ಮೂಗು ಉಳಿಯಿತು. ಒಳಗೆ ಸೊಪ್ಪಿನ ಮೇಷ್ಟ್ರು ಲೋಟ ತೊಳೆಯುತ್ತಿದ್ದ.

"ಆವತ್ತು ಹೆಸರು ಬರೆಸಿದವರ ಪುಸ್ತಕ ಕೊಡು."

"ಯಾಕೆ ಭಾವ?"

ಕತ್ತಿಯಣ್ಣ ನಡೆದದ್ದನ್ನು ಹೇಳಿದ. ಮೇಷ್ಟ್ರ ಮುಖ ಬಿಳುಪೇರಿತು, ಆದರೆ ನಾಲಿಗೆ ಸೋಲಲಿಲ್ಲ. "ಒಬ್ಬರಿಗೆ ಹಾಗಾಯ್ತು ಅಂತ ಎಲ್ಲಾ ಸುಳ್ಳಾ? ನನ್ನ ತಲೆನೋವು ಹೋಗಿದ್ದು ಸುಳ್ಳಾ? ನಿಮ್ಮ ಹೊಟ್ಟೆ ಇಳಿದಿದ್ದು ಸುಳ್ಳಾ?"

"ಅದು ನಿಜ ಕಣೋ. ನಿಜ ಇದ್ದಷ್ಟೇ ಹೇಳಿದ್ರೆ ಸಾಲ್ತಿರಲಿಲ್ವಾ? ಒಂದು ಮಾತ್ರೆ ಕಮ್ಮಿಯಾಯ್ತು ಅಂದಿದ್ದನ್ನ ಎರಡೂ ಹೋಯ್ತು ಅಂತ ಯಾಕೆ ಮಾಡ್ದೆ?"

"ನೀವ್ಯಾಕೆ ಸುಮ್ನಿದ್ರಿ?" ಎಂದ ಮೇಷ್ಟ್ರು. "ಪಕ್ಕದಲ್ಲೇ ಕೂತಿದ್ರಲ್ಲ. ನನಗೆ ಒಂದೂ ಇಲ್ಲ ಅಂತಲೇ ಅಕ್ಕ ಹೇಳಿದ ನೆನಪು. ತಪ್ಪಿದ್ರೆ ನೀವು ತಿದ್ದಬೇಕಿತ್ತು."

ಕತ್ತಿಯಣ್ಣ ಮೇಜಿನ ಮೇಲಿದ್ದ ಪುಸ್ತಕವನ್ನು ತಾನೇ ಎತ್ತಿಕೊಂಡು ಹೊರಟ.

ಇಪ್ಪತ್ತಮೂರು ಹೆಸರಿದ್ದವು. ಮೂರು ದಿನ ಅವನ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಬೆಳಗ್ಗೆ ಬಂದ ಗಿರಾಕಿಗಳಿಗೆ ಕಡಿದು ಕೊಡುವನು, ಹತ್ತು ಗಂಟೆಗೆ ಬಾಗಿಲೆಳೆಯುವನು, ಸಂಜೆಯವರೆಗೆ ಮನೆಯಿಂದ ಮನೆಗೆ. ಬಾಗಿಲು ತಟ್ಟುವುದು, ಮಾತ್ರೆಯ ಪಟ್ಟಿ ಹಿಡಿದು ತೋರಿಸುವುದು, "ನಾನು ಬಿಟ್ಟಿಲ್ಲ, ನೀವೂ ಬಿಡಬೇಡಿ, ಬಿಟ್ಟಿದ್ರೆ ಇವತ್ತೇ ಡಾಕ್ಟರ ಹತ್ರ ಹೋಗಿ" ಎನ್ನುವುದು.

ಎಲ್ಲರೂ ಕೈ ಹಿಡಿದು ಒಳಗೆ ಕರೆಯಲಿಲ್ಲ. ನಿವೃತ್ತ ರೈಲ್ವೆ ಗಾರ್ಡೊಬ್ಬ ಬಾಗಿಲಲ್ಲೇ ನಿಲ್ಲಿಸಿ, "ವ್ಯಾಪಾರ ಬಿದ್ದುಹೋಯ್ತು, ಅದಕ್ಕೇ ಈ ನಾಟಕ. ಜನ ಮಾಂಸ ಬಿಟ್ರೆ ನಿನ್ನ ಹೊಟ್ಟೆಗೆ ತಣ್ಣೀರು ಬಟ್ಟೆ ಅಲ್ವಾ?" ಎಂದ.

"ಸ್ವಾಮಿ, ಮಾಂಸ ನಾನೂ ತಿನ್ನಲ್ಲ. ನೀವೂ ತಿನ್ನಬೇಡಿ. ಮಾತ್ರೆ ಮಾತ್ರ ನುಂಗಿ."

"ನಿನ್ನ ಫೋಟೋ ಒಂದು ಹೇಳುತ್ತೆ, ನೀನು ಒಂದು ಹೇಳ್ತೀಯ. ಯಾರನ್ನ ನಂಬಲಿ?" ಎಂದು ಗಾರ್ಡು ಬಾಗಿಲು ಹಾಕಿಕೊಂಡ. ಕಿಟಕಿಯ ಬಳಿ ನಿಂತಿದ್ದ ಗಾರ್ಡನ ಹೆಂಡತಿ ಮಾತ್ರ ಸದ್ದಿಲ್ಲದೆ ತಲೆಯಾಡಿಸಿ, ನುಂಗಿಸುತ್ತೇನೆ ಎಂಬಂತೆ ಕೈಸನ್ನೆ ಮಾಡಿದಳು. ಇನ್ನೊಂದು ಮನೆಯ ಅಜ್ಜ ಹೊಟ್ಟೆ ಹಿಡಿದು ನಕ್ಕ: "ಮಾತ್ರೆನಾ? ನನಗೆ ಯಾವ ಕಾಯಿಲೆನೂ ಇಲ್ಲಪ್ಪ. ಹೆಸರು ಬರೆಸಿದ್ರೆ ರಸ ಬಿಟ್ಟಿ ಅಂದ್ರು, ಬರೆಸಿದೆ. ನಿನ್ನೆ ತಾನೇ ನಿನ್ನ ಅಂಗಡಿಯಿಂದ ಕೀಮಾ ತಂದಿದೀನಲ್ಲ!"

ಮೂರನೆಯ ದಿನ ಬೆಳಗ್ಗೆ ಬಾಗಿಲೆಳೆಯುವಾಗ ಸೊಪ್ಪಿನ ಮೇಷ್ಟ್ರು ಬಂದು ನಿಂತಿದ್ದ. ಕ್ಷೌರ ಮಾಡಿರಲಿಲ್ಲ. ಅಕ್ಕ ಅವನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಳೆಂದು ಆಮೇಲೆ ತಿಳಿಯಿತು.

"ಟೈಲರಮ್ಮನ್ನ ನೋಡ್ಕೊಂಡು ಬಂದೆ" ಎಂದ. "ಊತ ಇಳಿದಿದೆ. ನನ್ನನ್ನ ಬೈಲಿಲ್ಲ ಭಾವ. ಈಗ ಯಾವ ರಸ ಕುಡೀಬೇಕು ಮೇಷ್ಟ್ರೇ ಅಂತ ಕೇಳಿದ್ರು." ಅವನು ಬಾಗಿಲೆಳೆಯಲು ತಾನೂ ಕೈ ಹಾಕಿದ. "ಬೈದಿದ್ರೆ ಚೆನ್ನಾಗಿತ್ತು. ಇನ್ನೆಷ್ಟು ಮನೆ ಉಳಿದಿವೆ?"

"ಐದು."

"ನಾನೂ ಬರ್ತೀನಿ."

ಇಬ್ಬರೂ ಹೊರಟರು. ಮೊದಲ ಮನೆಯಲ್ಲಿ ಮೇಷ್ಟ್ರಿಗೆ ಬಾಯಿ ಬರಲಿಲ್ಲ, ಕತ್ತಿಯಣ್ಣನೇ ಮಾತಾಡಿದ. ಎರಡನೆಯದರಲ್ಲಿ ಮೇಷ್ಟ್ರು "ನಾನು ಹೇಳಿದ್ದು ತಪ್ಪು" ಎಂದ, ನೆಲ ನೋಡಿಕೊಂಡು. ನಾಲ್ಕನೆಯದರ ಹೊತ್ತಿಗೆ ತಲೆಯೆತ್ತಿ ಹೇಳುವಷ್ಟಾಯಿತು. ಕೊನೆಯದು ಗಡಿಯಾರ ರಿಪೇರಿಯವರ ಮನೆ. ಬೀಗ ಹಾಕಿತ್ತು. ಕಿಟಕಿಗೆ ಪರದೆಯೂ ಇರಲಿಲ್ಲ.

"ಖಾಲಿ ಮಾಡ್ಕೊಂಡು ಹೋಗಿ ಎರಡು ವಾರ ಆಯ್ತು. ಮಗನ ಊರಿಗೆ ಹೋದ್ರು" ಎಂದಳು ಪಕ್ಕದ ಮನೆಯಾಕೆ.

"ಅವರಿಗೆ ಕಾಯಿಲೆ ಏನಿತ್ತು?"

"ಸಕ್ಕರೆ. ದಿನಾ ಹೊಟ್ಟೆಗೆ ಸೂಜಿ ಚುಚ್ಕೊಳ್ತಿದ್ರು ಪಾಪ."

"ಹೋಗೋವಾಗಲೂ ಚುಚ್ಕೊಳ್ತಿದ್ರಾ?"

"ಅದನ್ನೆಲ್ಲ ನಾನು ನೋಡಕ್ಕಾಗುತ್ತಾ?"

ಇಬ್ಬರೂ ಬೀದಿಯಲ್ಲಿ ನಿಂತರು. ಕತ್ತಿಯಣ್ಣನಿಗೆ ಮೈಯೆಲ್ಲ ಇರುವೆ ಹರಿದಂತಾಯಿತು. ಸಾಮಾನು ಸಾಗಿಸಿದ ಲಾರಿಯವನು ಯಾರು, ಅವನ ಮನೆ ಎಲ್ಲಿ ಎಂದು ವಿಚಾರಿಸುತ್ತ ಎರಡು ದಿನ ಅಲೆದರು. ಲಾರಿಯವನಿಗೆ ಮಗನ ಮನೆಯ ಬೀದಿ ಗೊತ್ತಿತ್ತು, ನಂಬರು ಗೊತ್ತಿರಲಿಲ್ಲ. ಆ ಬೀದಿಯ ದಿನಸಿ ಅಂಗಡಿಯ ಫೋನು ಸಿಕ್ಕಿತು. ಅಲ್ಲಿಂದ ಮಗನ ಫೋನು. ನಾಲ್ಕನೆಯ ಸಲ ಹೊಡೆದಾಗ ಹೆಂಗಸೊಬ್ಬಳು ಎತ್ತಿದಳು. ಗಡಿಯಾರದವರ ಹೆಂಡತಿಯಂತೆ.

ಕತ್ತಿಯಣ್ಣ ಅಂಗಡಿಯಲ್ಲೇ ನಿಂತಿದ್ದ, ಪಕ್ಕದಲ್ಲಿ ಮೇಷ್ಟ್ರು. "ಯಜಮಾನರು ಸೂಜಿ ತಗೋತಿದಾರಾ ತಾಯಿ?" ಎಂದ.

"ಬಿಟ್ಟಿದ್ರು" ಎಂದಿತು ಆ ದನಿ. "ಇಲ್ಲಿಗೆ ಬಂದ ವಾರಕ್ಕೆ ಪ್ರಜ್ಞೆ ತಪ್ಪಿ ಬಿದ್ರು. ಆರು ದಿನ ಆಸ್ಪತ್ರೆ. ಈಗ ಮತ್ತೆ ಚುಚ್ಕೊಳ್ತಾರೆ. ಒಂದು ಕಣ್ಣು ಮಂಜಾಗಿದೆ ಅಂತಾರೆ. ಗಡಿಯಾರದ ಸಣ್ಣ ಸ್ಕ್ರೂ ಕಾಣಲ್ವಂತೆ. ನೀವು ಯಾರು?"

ಅವನು ತುಟಿ ಒರೆಸಿಕೊಂಡ. ಈ ಸಲ ಸುಮ್ಮನಿರಬಾರದು ಎಂದುಕೊಂಡ. "ನಾನು ಆ ಪೋಸ್ಟರಿನವನು ತಾಯಿ. ಮಾಂಸದಂಗಡಿಯವನು. ನಾನು ಮಾತ್ರೆ ಬಿಟ್ಟಿರಲಿಲ್ಲ. ಅದನ್ನ ಹೇಳಕ್ಕೇ ಹುಡುಕ್ತಿದ್ದೆ."

ಆ ಕಡೆ ಪಾತ್ರೆಯ ಸದ್ದು ಕೇಳಿತು, ಯಾರೋ ಕೆಮ್ಮಿದ್ದು ಕೇಳಿತು. ಆಮೇಲೆ ಫೋನು ಕಟ್ಟಾಯಿತು.

"ಏನಂದ್ರು?" ಎಂದ ಮೇಷ್ಟ್ರು.

"ಬದುಕಿದಾರೆ."

ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಕತ್ತಿಯಣ್ಣ ಕತ್ತಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ. ಏಪ್ರನ್ ಬಿಚ್ಚಿ ಕೊಕ್ಕೆಗೆ ಹಾಕಿ, "ನಾಳೆ ಬನ್ನಿ" ಎಂದು ಅವರಿಗೆ ಹೇಳಿದ. "ಆ ಊರಿಗೆ ಬಸ್ ಎಷ್ಟೊತ್ತಿಗೋ?" ಎಂದು ಮೇಷ್ಟ್ರನ್ನು ಕೇಳುತ್ತ, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದ.