ಚಿಲಕ ಯಾವ ಕಡೆಗಿದೆ?

ನಮ್ಮ ಬೀದಿಯಲ್ಲಿ ಬೀಗ ಕೆಟ್ಟರೆ ಎಲ್ಲರೂ ಹೋಗುವುದು ಮೂಲೆಯಂಗಡಿಯ ಬೀಗದಣ್ಣನ ಹತ್ತಿರ. ಈಚೆಗೆ ಅವನು ಮಾಡಿಕೊಟ್ಟ ಕೀಗಳು ವಾಪಸ್ ಬರುತ್ತಿದ್ದವು.

"ಇದು ಮೂರನೇ ಸಲ ಕಣಪ್ಪ," ಎಂದರು ಎದುರು ಅಂಗಡಿಯ ದರ್ಜಿ. "ನನ್ನ ಬಾಗಿಲೊಂದನ್ನ ಬಿಟ್ಟು ಊರಲ್ಲಿರೋ ಬೇರೆ ಎಲ್ಲಾ ಬಾಗಿಲಿಗೂ ಆಗತ್ತೇನೋ ಈ ಕೀ."

"ಈಗ ಬರೋ ಕೀ ತಗಡೇ ಸರಿಯಿಲ್ಲ," ಎಂದ ಬೀಗದಣ್ಣ.

ತಗಡು ಸರಿಯಾಗಿಯೇ ಇತ್ತು. ಕೈ ನಡುಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕುಡಿದರೆ ಕೀ ಉಜ್ಜುವ ಅರ ಹಿಡಿಯುವಷ್ಟು ನಡುಕ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೂ ಇಲ್ಲ.

ಅವನ ಮನೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಅವನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ, ಅವನು ನೀರು ಕುಡಿದ ಲೋಟವನ್ನೂ ಮೂಸಿ ನೋಡುತ್ತಿದ್ದಳು. ಅವನು ಅವಳ ಕೈಚೀಲ ತಡಕುತ್ತಿದ್ದ. ಹಾಗೆ ತಡಕಿದಾಗಲೇ ಆ ಚೀಟಿ ಸಿಕ್ಕಿದ್ದು. ಆರೋಗ್ಯ ಕೇಂದ್ರದ ನರ್ಸ್ ಕೊಟ್ಟದ್ದು. ಕುಡಿತ ಬಿಡಿಸುವ ಕೇಂದ್ರದ ವಿಳಾಸ ಇತ್ತು. ಒಂದು ತಿಂಗಳು ಅಲ್ಲೇ ಇರಬೇಕು ಎಂದಿತ್ತು.

"ಓಹೋ, ನನ್ನನ್ನ ಸಾಗಹಾಕೋಕೆ ತಯಾರಿ ಆಗಿದೆ," ಎಂದ.

ಅವನ ತಾಯಿ ಸೊಸೆಯ ಕಡೆ ತಿರುಗಿದರು. "ಅಂಥ ಕಡೆ ಹೋದವರು ಒಬ್ಬರಾದ್ರೂ ನೆಟ್ಟಗೆ ವಾಪಸ್ ಬಂದಿದ್ದನ್ನ ನೀನು ಕಂಡಿದೀಯಾ? ಹೊಡೀತಾರಂತೆ. ಸರಪಳಿ ಹಾಕ್ತಾರಂತೆ."

"ಯಾರು ಹೇಳಿದ್ರು ಅತ್ತೆ?"

"ಎಲ್ಲರೂ ಹೇಳ್ತಾರೆ."

"ನನಗೂ ಹೆದರಿಕೇನೇ. ಇಲ್ದಿದ್ರೆ ಆ ಚೀಟಿ ಎರಡು ತಿಂಗಳು ಚೀಲದಲ್ಲೇ ಇರ್ತಿತ್ತಾ?"

ಬೀಗದಣ್ಣ ತನ್ನದೇ ಉಪಾಯ ಹೂಡಿದ. ಹಿಂದಿನ ಕೋಣೆಯ ಬಾಗಿಲಿಗೆ ಹೊರಗಡೆ ಕಬ್ಬಿಣದ ಚಿಲಕ ಕೂರಿಸಿದ. ಯಾರೂ ಬಿಚ್ಚಬಾರದೆಂದು ಸ್ಕ್ರೂಗಳ ತಲೆಯನ್ನೂ ಉಜ್ಜಿ ಹಾಕಿದ.

"ನಾನು ತೆಗೀಲಾರದ ಬೀಗ ಇಲ್ಲ. ಕೈಗೇ ಸಿಗದ ಚಿಲಕ ಮಾತ್ರ ತೆಗೀಲಾರೆ," ಎಂದ. "ಎಂಟು ದಿನ ನನ್ನನ್ನ ಒಳಗೆ ಹಾಕಿಡಿ. ಎಷ್ಟು ಕೂಗಿದ್ರೂ ತೆಗೀಬೇಡಿ. ಯಾವ ಡಾಕ್ಟರೂ ಬೇಡ."

ಮಗ ಮನಸ್ಸು ಮಾಡಿದನಲ್ಲ ಎಂದು ತಾಯಿಗೆ ಹೆಮ್ಮೆಯಾಯಿತು. ಅಕ್ಕನೂ ಒಪ್ಪಿದಳು.

ಎರಡು ದಿನ ಕಳೆದ ಮೇಲೆ ನಾನು ನಮ್ಮ ಮನೆಯ ಬೀಗ ಹಿಡಿದು ಹೋದೆ. ಅಂಗಡಿ ಮುಚ್ಚಿತ್ತು. ಮನೆಯೊಳಗೆ ಅತ್ತೆ ಸೊಸೆ ಇಬ್ಬರೂ ಆ ಬಾಗಿಲಿನ ಮುಂದೆ ಕುಳಿತಿದ್ದರು. ಒಳಗಿನಿಂದ ಅವನ ಮಾತು ಕೇಳುತ್ತಿತ್ತು. "ಇರುವೆ. ಗೋಡೆ ತುಂಬಾ ಇರುವೆ. ಯಾರಾದ್ರೂ ಒರೆಸ್ರೋ."

"ಇರುವೆ ಎಲ್ಲಿಂದ ಬರಬೇಕು? ನಾನೇ ಗುಡಿಸಿದೀನಿ," ಎಂದರು ತಾಯಿ. "ಬಾಗಿಲು ತೆಗೀಲಿ ಅಂತ ನಾಟಕ."

"ದೊಡ್ಡಮ್ಮ, ತೆಗೀರಿ," ಎಂದೆ.

"ನಿನಗೇನಮ್ಮ ಗೊತ್ತು? ನೀನು ಪುಸ್ತಕದಲ್ಲಿ ಓದಿರೋದೇ ಬೇರೆ."

"ನಾನೂ ಹಾಕಿದ್ದೆ ಚಿಲಕ. ಮೂರನೇ ದಿನ ತೆಗೆದೆ. ಅವರಿಗೆ ಉಸಿರಿರಲಿಲ್ಲ."

ನನ್ನ ಗಂಡ ತೀರಿಕೊಂಡದ್ದು ಬೀದಿಗೆಲ್ಲ ಗೊತ್ತಿತ್ತು. ಹೇಗೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಅಕ್ಕ ಎದ್ದು ಚಿಲಕ ಸರಿಸಿದಳು.

ಆಸ್ಪತ್ರೆಯ ಬಾಗಿಲಲ್ಲೇ ಅವನಿಗೆ ಫಿಟ್ಸ್ ಬಂತು. ಡಾಕ್ಟರ್ ಬೈಯಲಿಲ್ಲ. "ವರ್ಷಗಟ್ಟಲೆ ದಿನಾ ಕುಡಿದ ದೇಹ ಇದು. ತಟ್ಟನೆ ನಿಲ್ಲಿಸಿದ್ರೆ ನಡುಕ ಬರತ್ತೆ, ಫಿಟ್ಸ್ ಬರತ್ತೆ, ಇಲ್ಲದ್ದೆಲ್ಲ ಕಾಣತ್ತೆ. ಜೀವಾನೂ ಹೋಗಬಹುದು. ಇವರು ಬಿಡೋಕೆ ಹೊರಟಿದ್ದು ತಪ್ಪಲ್ಲ. ಔಷಧಿ ಇಲ್ದೆ, ನೋಡ್ಕೊಳ್ಳೋರಿಲ್ದೆ ಬಿಟ್ಟಿದ್ದು ತಪ್ಪು."

ಒಂದು ವಾರದಲ್ಲಿ ನಡುಕ ಇಳಿಯಿತು. "ಇನ್ನು ಮನೆಗೆ ಕರ್ಕೊಂಡು ಹೋಗಬಹುದಲ್ಲ?" ಎಂದರು ತಾಯಿ.

"ಹೋಗಬಹುದು. ದೇಹದಿಂದ ಇಳಿದಿದೆ, ತಲೆಯಿಂದ ಇಳಿದಿಲ್ಲ. ಅದಕ್ಕೆ ಇನ್ನೂ ಸಮಯ ಬೇಕು. ಕೇಂದ್ರದಲ್ಲಿ ಸ್ವಲ್ಪ ದಿನ ಇದ್ರೆ ಒಳ್ಳೇದು ಅನ್ನೋದು ನನ್ನ ಮಾತು. ತೀರ್ಮಾನ ಇವರದು."

ಬೀಗದಣ್ಣ, "ಮೊದಲು ಅಲ್ಲಿನ ಬಾಗಿಲು ನೋಡ್ತೀನಿ," ಎಂದ.

ಹತ್ತಿರದಲ್ಲೇ ಒಂದು ಕೇಂದ್ರ ಇದೆ ಎಂದು ದರ್ಜಿ ಹೇಳಿದ್ದರು. ಮೊದಲು ಅಲ್ಲಿಗೆ ಹೋದೆವು. 'ನೂರಕ್ಕೆ ನೂರು ಗ್ಯಾರಂಟಿ' ಎಂಬ ಬೋರ್ಡು. ಬಾಗಿಲಲ್ಲಿದ್ದವನು ಒಳಗೆ ಬಿಡಲಿಲ್ಲ.

"ಸಹಿ ಹಾಕಿ ಬಿಟ್ಟು ಹೋಗಿ. ಮೂರು ತಿಂಗಳು ಫೋನಿಲ್ಲ, ಭೇಟಿ ಇಲ್ಲ."

"ಡಾಕ್ಟರು ಯಾರು?" ಎಂದಳು ಅಕ್ಕ.

"ಬೇಕಾದಾಗ ಕರೆಸ್ತೀವಿ."

"ಸರ್ಕಾರದ ಅನುಮತಿ ಪತ್ರ ಇದೆಯಾ?"

"ನಂಬಿಕೆ ಇಲ್ದೋರು ಯಾಕಮ್ಮ ಬರ್ತೀರಿ?"

ಬೀಗದಣ್ಣ ಬಾಗಿಲಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. "ಹೊರಗೆ ಮೂರು ಚಿಲಕ, ಒಳಗೆ ಒಂದೂ ಇಲ್ಲ. ನಮ್ಮ ಹಿಂದಿನ ಕೋಣೆಗೆ ಒಂದು ಬೋರ್ಡ್ ಹಾಕಿದ್ರೆ ಇದೇ ಆಗತ್ತೆ. ನಡೀರಿ."

"ನಾನು ಹೇಳಲಿಲ್ವಾ?" ಎಂದರು ತಾಯಿ. ಅವರು ಹೇಳಿದ್ದು ಸುಳ್ಳಲ್ಲ. ಅಂಥ ಜಾಗಗಳು ಇವೆ.

ಮರುದಿನ ನರ್ಸ್ ಕೊಟ್ಟ ಚೀಟಿಯ ವಿಳಾಸಕ್ಕೆ ಹೋದೆವು. ತಾಯಿ ಸೆರಗು ಬಿಗಿದುಕೊಂಡೇ ಒಳಗೆ ಬಂದರು. ಅನುಮತಿ ಪತ್ರ ಗೋಡೆಯ ಮೇಲಿತ್ತು. ಡಾಕ್ಟರು ಬರುವ ವೇಳೆ ಬರೆದಿತ್ತು. ಅಲ್ಲಿನ ಮುದುಕಿ ನರ್ಸ್ ನಮ್ಮನ್ನು ಕೋಣೆಕೋಣೆಗೂ ಕರೆದುಕೊಂಡು ಹೋದಳು. ಬೀಗದಣ್ಣ ಒಂದೊಂದು ಬಾಗಿಲನ್ನೂ ಹಾಕಿ ತೆಗೆದು ನೋಡಿದ. ಕೋಣೆಗಳ ಚಿಲಕ ಒಳಗಡೆ ಇತ್ತು. ಸ್ನಾನದ ಮನೆಯ ಮುಂದೆ ನಿಂತುಬಿಟ್ಟ.

"ಇದನ್ನ ಮಾತ್ರ ಹೊರಗಿನಿಂದ ತೆಗೀಬಹುದು. ಯಾಕೆ?"

"ಒಳಗೆ ಯಾರಾದ್ರೂ ಜಾರಿ ಬಿದ್ರೆ ನಿಮ್ಮನ್ನ ಹುಡುಕ್ಕೊಂಡು ಬರೋಕಾಗತ್ತೇನಪ್ಪ?"

ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಹಜಾರದಲ್ಲಿ ಒಂದು ಬೀರುವಿಗೆ ದೊಡ್ಡ ಬೀಗ ಬಿದ್ದಿತ್ತು.

"ಅದರಲ್ಲೇನಿದೆ?" ಎಂದರು ತಾಯಿ ತಕ್ಷಣ.

"ಔಷಧಿ."

"ನೋಡಮ್ಮ," ಎಂದ ಮಗ. "ಇವರು ಬೀಗ ಹಾಕಿರೋದು ಔಷಧಿಗೆ. ಜನಕ್ಕಲ್ಲ."

"ಹೊಡೆಯೋದು?" ತಾಯಿ ಬಿಡಲಿಲ್ಲ.

"ವಾರಕ್ಕೊಂದು ಸಲ ಬಂದು ಮಗನ್ನೇ ಕೇಳಿ. ನಾವು ಎದ್ದು ಆಚೆ ಹೋಗ್ತೀವಿ."

"ನನ್ನನ್ನ ಒಳಗೆ ಬಿಡದೇ ಇದ್ರೆ ಈ ಬಾಗಿಲಲ್ಲೇ ಕೂತ್ಕೋತೀನಿ."

"ಕೂತ್ಕೊಳ್ಳಿ ಅಮ್ಮ. ಕುರ್ಚಿ ಕೊಡ್ತೀವಿ."

"ಗ್ಯಾರಂಟಿ ಕೊಡ್ತೀರಾ?" ಎಂದಳು ಅಕ್ಕ.

"ಇಲ್ಲಮ್ಮ. ಕೆಲವರು ಮತ್ತೆ ಕುಡೀತಾರೆ, ಮತ್ತೆ ಬರ್ತಾರೆ. ನಾವು ಮತ್ತೆ ಶುರು ಮಾಡ್ತೀವಿ."

ಅಕ್ಕನಿಗೆ ನಂಬಿಕೆ ಬಂದದ್ದು ಆ ಮಾತಿನಿಂದ. ಆಮೇಲೆ ನನಗೆ ಹಾಗೆಂದಳು.

ಬೀಗದಣ್ಣ ಸಹಿ ಹಾಕುವ ಮೊದಲು ಒಂದು ದಿನದ ಬಿಡುವು ಕೇಳಿಕೊಂಡ. ಮನೆಗೆ ಬಂದು ಹಿಂದಿನ ಕೋಣೆಯ ಚಿಲಕಕ್ಕೆ ಡ್ರಿಲ್ ಹಿಡಿದ. ಸ್ಕ್ರೂಗಳ ತಲೆ ಅವನೇ ಉಜ್ಜಿದ್ದರಿಂದ ಬೆಳಗಿನ ಅರ್ಧ ಹೊತ್ತು ಅದಕ್ಕೇ ಹಿಡಿಯಿತು. ಬಾಗಿಲಲ್ಲಿ ನಾಲ್ಕು ತೂತು ಉಳಿದವು.

"ಇದನ್ನ ಮುಚ್ಚೋರು ಯಾರು?" ಎಂದರು ತಾಯಿ.

"ನಾನೇ. ಬಂದ ಮೇಲೆ."

ಅವನು ಹೋಗಿ ಹತ್ತೊಂಬತ್ತು ದಿನವಾಯಿತು. ತಾಯಿ ಎರಡು ಸಲ ನೋಡಿಕೊಂಡು ಬಂದಿದ್ದಾರೆ. ಬಂದು ಮಗನ ಬೆನ್ನು, ಕೈ, ಊಟದ ತಟ್ಟೆ ಎಲ್ಲದರ ವರದಿ ಕೊಡುತ್ತಾರೆ. ಇನ್ನೂ ಅನುಮಾನ ಪೂರ್ತಿ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ.

ಇದನ್ನು ಓದುತ್ತಿರುವವರ ಮನೆಯಲ್ಲೂ ಇಂಥವರು ಇರಬಹುದು. ಅನುಮಾನ ಪಡಿ. ಆದರೆ ಅನುಮಾನವನ್ನು ಮನೆಯಲ್ಲಿಟ್ಟುಕೊಂಡು ಕೂರಬೇಡಿ, ಕೇಂದ್ರದ ಬಾಗಿಲಿಗೆ ತೆಗೆದುಕೊಂಡು ಹೋಗಿ ಕೇಳಿ. ಡಾಕ್ಟರು ಯಾರು, ಅನುಮತಿ ಎಲ್ಲಿ, ನಾವು ಯಾವಾಗ ಬಂದು ನೋಡಬಹುದು ಎಂದು ಕೇಳಿ. ಉತ್ತರ ಕೊಡದ ಕಡೆ ಯಾರನ್ನೂ ಬಿಡಬೇಡಿ. ಎಲ್ಲಿ ಶುರು ಮಾಡಬೇಕೆಂದು ತಿಳಿಯದಿದ್ದರೆ ನಿಮ್ಮ ಆರೋಗ್ಯ ಕೇಂದ್ರದ ನರ್ಸನ್ನು ಕೇಳಿ. ದಿನವೂ ಕುಡಿಯುವವರು ಒಮ್ಮೆಗೇ ನಿಲ್ಲಿಸುತ್ತೇನೆ ಎಂದರೆ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮನೆಯಲ್ಲಿ ಯಾವುದಾದರೂ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ್ದರೆ, ಈ ಹಾಳೆ ಕೆಳಗಿಡಿ. ಈಗಲೇ ಹೋಗಿ ತೆಗೆಯಿರಿ.