ಹೆಸರು ಕೇಳದ ನಿಜಗುಣಪ್ಪ

ನಿಜಗುಣಪ್ಪನವರೊಡನೆ ಮಾತಿಗೆ ನಿಂತವರಿಗೆಲ್ಲ ಒಂದು ವಿಚಿತ್ರ ಅನುಭವವಾಗುತ್ತಿತ್ತು: ಮಾತನಾಡುತ್ತಲೇ ಅವರು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಎದುರಿನವರ ತಲೆಯ ರುಮಾಲಿನಿಂದ ಕಾಲಿನ ಚಪ್ಪಲಿಯವರೆಗೆ ಎಲ್ಲವೂ ಒಂದೇ ನೋಟದಲ್ಲಿ ಹಿಡಿಸುವವರೆಗೆ ಆ ಹಿಂಸರಿತ ನಿಲ್ಲುತ್ತಿರಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಹಾಗೆ ಸರಿದು ಸರಿದು ಗಟಾರಕ್ಕೆ ಬಿದ್ದು, ಮೊಣಕಾಲು ತರಚಿಕೊಂಡು, ಬಿದ್ದಲ್ಲಿಂದಲೇ ಕೈಯೆತ್ತಿ "ಹಂಗ ನಿಂದರ್ರಿ, ಅಲುಗಬ್ಯಾಡ್ರಿ, ಛಲೋ ಕಾಣಾಕತ್ತೀರಿ" ಎಂದು ಕೂಗಿದ್ದನ್ನು ಕಂಡವರು ಬಹಳ ದಿನ ಹೇಳಿಕೊಂಡು ನಕ್ಕರು.

ಮದುವೆಯ ಜೋಡಿಗಳು, ಅರ್ಜಿಗೆ ಅಂಟಿಸುವ ಮುಖಗಳು, ಜಾವಳ ತೆಗೆಸಿ ತಲೆ ಬೋಳಾದ ಕೂಸುಗಳು ಅವರ ಫೋಟೋ ಸ್ಟುಡಿಯೋದ ಅನ್ನ. ಆದರೆ ಆಷಾಢ ಬಂದು ಮದುವೆಗಳು ನಿಂತವೆಂದರೆ, ಹೆಂಡತಿ ಪದ್ಮವ್ವ ಒಳಗಡೆ ನಾಲ್ಕು ಕಿಸೆ ಹೊಲಿದುಕೊಟ್ಟಿದ್ದ ಖಾಕಿ ಕೋಟು ತೊಟ್ಟು, ಕಿಸೆಗಳ ತುಂಬ ಫಿಲ್ಮು ತುಂಬಿಕೊಂಡು ಅವರು ಮುಂಬಯಿಯ ರೈಲು ಹತ್ತುತ್ತಿದ್ದರು. ಚಾಳಿನ ನಳದ ಮುಂದೆ ಸಾಲುಗಟ್ಟಿದ ಕೊಡಗಳು, ಪಾಳಿ ಬಿಟ್ಟು ಬರುವ ಗಿರಣಿಯವರ ಹುಬ್ಬಿಗಂಟಿದ ಅರಳೆ, ಫುಟ್‌ಪಾತಿನ ಮೇಲೆ ಒಲೆ ಹೂಡಿ ಹೊಗೆಗೆ ಕಣ್ಣು ಕಿರಿದು ಮಾಡಿ ಕೂತ ಮುದುಕಿ: ಯಾರೂ ಬೇಡದ, ಯಾರೂ ಕೊಳ್ಳದ ಆ ಚಿತ್ರಗಳಿಗಾಗಿ ತಿಂಗಳುಗಟ್ಟಲೆ ಅಲೆಯುತ್ತಿದ್ದರು.

"ಇದನ್ನ ಯಾರ ನೋಡ್ತಾರ್ರಿ?" ಎಂದು ಪದ್ಮವ್ವ ಕೇಳಿದರೆ, "ನೋಡೋರು ಯಾರೂ ಇಲ್ಲಂತನ ತಗೀತೇನಿ" ಎನ್ನುವರು. ಅಲ್ಲಿಯವರ ಹೆಸರು ಮಾತ್ರ ಅವರು ಕೇಳುತ್ತಿರಲಿಲ್ಲ. "ಹೆಸರ ಕೇಳಿದ್ರ ಮನಶ್ಯಾ ಸೆಟಕೊಂಡ ನಿಂದರತಾನ" ಎಂಬುದು ಅವರ ಹಠ.

ಎಪ್ಪತ್ನಾಲ್ಕರ ಆಷಾಢದಲ್ಲಿ, ಮಳೆ ಹೊಳವಾದ ಒಂದು ಮಧ್ಯಾಹ್ನ, ಮುಂಬಯಿಯ ಮಾರುಕಟ್ಟೆಯ ಬದಿಗೆ ಕೈಗಾಡಿಯ ಹಲಗೆಯ ಮೇಲೆ ಬರಿಮೈಯಲ್ಲಿ ಮಲಗಿದ್ದ ಕೂಲಿಯೊಬ್ಬನನ್ನು ಅವರು ಕ್ಯಾಮರಾದಲ್ಲಿ ಹಿಡಿದರು. ಕೆನ್ನೆಯ ಕೆಳಗೊಂದು ಕೈ, ತುಸು ತೆರೆದ ಬಾಯಿ, ಹಲಗೆ ಸಾಲದೆ ಗಾಳಿಯಲ್ಲಿ ಜೋತ ಕೆಸರುಗಾಲು. ತಮ್ಮ ಜನ್ಮದಲ್ಲಿ ಇಷ್ಟು ಚೆಲುವಾದ ಚಿತ್ರ ಬೇರೊಂದಿಲ್ಲವೆಂದು ಅವರಿಗನ್ನಿಸಿತು. ಊರಿಗೆ ಬಂದವರೇ ದೊಡ್ಡದು ಮಾಡಿ ಸ್ಟುಡಿಯೋದ ಮುಂದಿನ ಗಾಜಿನೊಳಗೆ ಹಚ್ಚಿದರು.

ದೀಪಾವಳಿ ಕಳೆದ ಮೇಲೆ ಮುನವಳ್ಳಿಯ ಕಡೆಯ ಗುರವ್ವ ಅಲ್ಲಿಗೆ ಬಂದಳು. ನವಿಲುತೀರ್ಥದ ಅಣೆಕಟ್ಟಿನ ನೀರಿಗೆ ಹೊಲಮನೆ ಬಿಟ್ಟುಕೊಟ್ಟ ವಿಧವೆ. ಒಬ್ಬನೇ ಮಗ ಅಮೋಘಸಿದ್ದಪ್ಪ ಮುಂಬಯಿಯ ಗಿರಣಿಯಲ್ಲಿ ಕಾರಕೂನನೆಂದು ಕಾಗದ ಬರೆಯುತ್ತಿದ್ದ. ಅವನಿಗೆ ಸಿರಸಂಗಿಯ ಪರಪ್ಪನ ಮಗಳು ಮಾಯವ್ವ ಮದುವೆಗೆ ಗೊತ್ತಾಗಿದ್ದಳು. ಹುಡುಗಿಯ ಫೋಟೋ ತೆಗೆಸಿ ಮಗನಿಗೆ ಕಳಿಸಬೇಕೆಂದು ಮೂವರೂ ಬಂದಿದ್ದರು. ಮಾಯವ್ವ ಒಳಗೆ ಸ್ಟೂಲಿನ ಮೇಲೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಾಗ, ಹೊರಗೆ ನಿಂತಿದ್ದ ಗುರವ್ವನ ಕೂಗು ಕೇಳಿತು.

"ಅಯ್ಯ ಶಿವನ, ನಮ್ಮ ಅಮೋಘಿ! ಪರಪ್ಪಣ್ಣಾರ, ನೋಡ ಬರ್ರಿ! ಎಷ್ಟ ನಿದ್ದಿ ಮಾಡ್ಯಾನ ನನ್ನ ಮಗ!"

ಐದು ವರ್ಷ ಕಾಣದ ಮುಖ ಕಂಡ ಹಿಗ್ಗಿನಲ್ಲಿ ಅವಳು ಗಾಜನ್ನು ಸವರುತ್ತಿದ್ದಳು. ಕೈಗಾಡಿ ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಪರಪ್ಪ ಬಂದು ಬಹಳ ಹೊತ್ತು ನೋಡಿದ.

"ಕಾರಕೂನ ಅಂದಿದ್ರೆಲ್ಲವಾ. ಫ್ಯಾನಿನ ಬುಡಕ ಕುಂತಿರತಾನ ಅಂದಿದ್ರಿ."

ಗುರವ್ವನ ಕೈ ಗಾಜಿನ ಮೇಲೆಯೇ ನಿಂತಿತು. ಪರಪ್ಪ ಮಗಳನ್ನು ಕರೆದ. ಮಾಯವ್ವ ಮುಖದ ಪೌಡರನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಎದ್ದು ಹೋದಳು. ನಿಜಗುಣಪ್ಪನವರು ಆ ಹೊತ್ತೇ ಚಿತ್ರವನ್ನು ಇಳಿಸಿದರಾದರೂ, ಸುದ್ದಿಯನ್ನು ಇಳಿಸಲು ಬರುವಂತಿರಲಿಲ್ಲ. ಸಿರಸಂಗಿಯವರು ಮುಂಬಯಿಯಲ್ಲೂ ಇದ್ದರು.

ಗಾಡಿ ಎಳೆದರೇನಾಯಿತು, ಒಮ್ಮೆ ಬಂದು ಹೋಗು ಎಂದು ಗುರವ್ವ ಬರೆಸಿದ ಕಾಗದ ಮರಳಿ ಬಂದಾಗ, ನಿಜಗುಣಪ್ಪನವರು ಆಷಾಢಕ್ಕೆ ಕಾಯದೆ ಹೊರಟರು. ಅದೇ ಮಾರುಕಟ್ಟೆಯಲ್ಲಿ ರಾಮದುರ್ಗದ ಕಡೆಯ ಗಾಡಿಯವನೊಬ್ಬ ಸಿಕ್ಕ.

"ಅಂವ ಹ್ವಾದನ್ರಿ. ಊರಾಗ ನಿನ್ನ ಫೋಟೋ ಹಚ್ಯಾರ ಅಂತ ಯಾರೋ ಅಂದ್ರು. 'ನಮ್ಮವ್ವ ನೋಡಿದ್ಲಂತೇನು?' ಅಂತ ಒಂದ ಮಾತ ಕೇಳಿದ. ಎರಡ ದಿನ ಉಣಲಿಲ್ಲ. ಆಮ್ಯಾಲ ಗಾಡಿ ಇಲ್ಲೇ ಬಿಟ್ಟ ಹ್ವಾದ."

ಅಲ್ಲಿಂದ ಮೂರು ವರ್ಷ ಅವರು ಮುಂಬಯಿಗೆ ಹೋದದ್ದು ಹುಡುಕುವುದಕ್ಕೆ ಮಾತ್ರ. ನಿದ್ದೆಯಲ್ಲಿರುವ ಯಾರನ್ನು ಕಂಡರೂ ಬಾಗಿ ಮುಖ ನೋಡುವರು, ಎಚ್ಚರಗೊಂಡವರಿಂದ ಬೈಸಿಕೊಳ್ಳುವರು. ಅಷ್ಟು ದೊಡ್ಡ ಶಹರ ಒಬ್ಬ ಮನುಷ್ಯನನ್ನು ಒಳಗೆ ಎಳೆದುಕೊಂಡರೆ ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ.

ಎಪ್ಪತ್ತೇಳರಲ್ಲಿ ಗುರವ್ವ ಮತ್ತೆ ಸ್ಟುಡಿಯೋಕ್ಕೆ ಬಂದಳು. ಬೈಯಲಿ ಎಂದು ಅವರು ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ.

"ನನ್ನ ಮಗಂದು ಬ್ಯಾರೆ ಫೋಟೋ ಇಲ್ಲರಿ. ಅದನ್ನ ಕೊಡ್ರಿ. ಗಾಡಿ ಬ್ಯಾಡ, ಮಾರಿ ಅಷ್ಟ ಸಾಕು." ಮತ್ತೆ ಕೇಳಿದಳು: "ಕಣ್ಣ ತಗಸಾಕ ಬರತೈತೇನ್ರಿ?"

ಬರುತ್ತಿತ್ತು. ಬದುಕಿದ್ದಾಗ ಫೋಟೋ ತೆಗೆಸದೆ ಸತ್ತವರನ್ನು ಕುರ್ಚಿಗೆ ಆನಿಸಿ ತೆಗೆದು, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದುಕೊಡುವುದು ಆ ಕಾಲದ ಸ್ಟುಡಿಯೋದವರಿಗೆಲ್ಲ ಗೊತ್ತಿದ್ದ ಕಸಬು. ಅದೇ ಕುಂಚವನ್ನು ಹಿಡಿದು ಇಡೀ ಮಧ್ಯಾಹ್ನ ಕೂತರು. ಗಾಡಿ ಹೋಗಿ, ಜೋತ ಕಾಲು ಹೋಗಿ, ಬರೀ ಮುಖವೊಂದು ಉಳಿದಾಗ ಅದು ತಾವು ಕಣ್ಣು ಬರೆದಿದ್ದ ನೂರು ಹೆಣಗಳ ಮುಖವೇ ಆಗಿತ್ತು.

ಗುರವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಈಗ ಎಚ್ಚರಾದ ನೋಡ್ರಿ" ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಆಮೇಲೆ ನಿಜಗುಣಪ್ಪನವರು ಮುಂಬಯಿಗೆ ಹೋಗಲಿಲ್ಲ. ಲೋಕವನ್ನು ಮನಸಾರೆ ನೋಡುವ ಇಂಥವರು ಯಾರ ಕೇಡನ್ನೂ ಬಯಸಿದವರಲ್ಲ; ಯಾರೂ ತಿರುಗಿ ನೋಡದ ಜೀವಗಳ ಮುಂದೆ ಗಂಟೆಗಟ್ಟಲೆ ಕಾದು ನಿಲ್ಲುವಷ್ಟು ಮಮತೆ ಅವರಲ್ಲಿರುತ್ತದೆ. ಆದರೆ ಬಡವನೊಬ್ಬ ತನ್ನ ತಾಯಿಗೆ ಹೇಳಿದ ಸುಳ್ಳೊಂದೇ ಅವನ ತಲೆಯ ಮೇಲಿನ ಸೂರಾಗಿರಬಹುದೆಂಬುದು, ಆ ಸೂರು ಕಿತ್ತುಬಂದ ಮೇಲೆಯೇ ಅವರಿಗೆ ತಿಳಿಯುತ್ತದೆ. ತಿಳಿದ ಮೇಲೆ ಅವರು ಉಳಿದ ಆಯುಷ್ಯವನ್ನೆಲ್ಲ ಕಣ್ಣು ತಗ್ಗಿಸಿಯೇ ಕಳೆಯುತ್ತಾರೆ. ಅದರಿಂದ ಹೋದವನು ಬರುವುದಿಲ್ಲ.